ಎರಡು ಟಕ್ ಅಂದರೆ ಆಕಾಶ ತಿಳಿ

ಜಪಾನಿನ ಕೊಚಿಯ ಗುಡ್ಡಗಳ ನಡುವಿನ ನಮ್ಮ ಕಣಿವೆಯಲ್ಲಿ ನಡೆದದ್ದು. ತಮೊತ್ಸು ಅಂತ, ಕೈಕಾಗದ ಮಾಡುವವನು. ನನ್ನ ಪಕ್ಕದ ಮನೆಯವನು.

ಆ ರಾತ್ರಿ ಕಡೇ ಜಾವದಲ್ಲಿ ಹೊಳೆದಂಡೆಯಿಂದ ಮನೆಗೆ ಬರುತ್ತಿದ್ದ. ಹೆಗಲ ಮೇಲೆ ದುರ್ಬೀನು, ಬಾಯಲ್ಲಿ ಬೈಗುಳ. ಮತ್ತೆ ಮೋಡ.

ನಾಲ್ಕು ದಿನದ ಹಿಂದೆ, ಬೆಳಗಿನ ಜಾವ, ಪೂರ್ವದಲ್ಲಿ ಅವನಿಗೊಂದು ಮಸುಕು ಚುಕ್ಕೆ ಕಂಡಿತ್ತು. ಯಾವ ನಕ್ಷೆಯಲ್ಲೂ ಇಲ್ಲದ್ದು. ಎಷ್ಟೋ ವರ್ಷ ನಿದ್ದೆಗೆಟ್ಟು ಹುಡುಕಿದ ಧೂಮಕೇತುವೇ ಇರಬೇಕು. ಆದರೆ ಒಂದು ಸಲ ಕಂಡರೆ ಸಾಲದು. ಇನ್ನೊಮ್ಮೆ ನೋಡಬೇಕು, ಅದು ಜಾಗ ಬದಲಿಸಿರಬೇಕು. ಆಮೇಲೆ ಟೋಕಿಯೊದ ವೀಕ್ಷಣಾಲಯಕ್ಕೆ ತಂತಿ. ಮೊದಲು ತಂತಿ ಕೊಟ್ಟವನ ಹೆಸರು ಧೂಮಕೇತುವಿಗೆ. ತಮೊತ್ಸುವಿಗೆ ಬೇಕಾಗಿದ್ದು ಅದೊಂದೇ. ಅವತ್ತು ಮುಚ್ಚಿದ ಆಕಾಶ ಮತ್ತೆ ತೆರೆದಿರಲಿಲ್ಲ.

ಹಳೇ ಬಾವಿಯ ಹತ್ತಿರ ಬಂದ...

ಟಕ್. ಟಕ್.

ನಿಂತ. ಮೇಲಿನ ಗುಡ್ಡದಿಂದ. ಒಣಮರದ ಎರಡು ತುಂಡು ಒಂದಕ್ಕೊಂದು ಬಡಿದ ಸದ್ದು.

ಆ ಸದ್ದು ಅವನಿಗೆ ಗೊತ್ತು. ಗುಡ್ಡದ ಮೇಲಿನ ಮುದುಕ ಗೆಂಜಿರೊ ಕೂಡ ಧೂಮಕೇತುವಿನ ಹುಚ್ಚ. ಕಣಿವೆಗೆ ಮೋಡ ಕವಿದಾಗಲೂ ಅವನ ಗುಡಿಸಲ ಮೇಲೆ ಒಮ್ಮೊಮ್ಮೆ ತಿಳಿಯಾಗಿರುತ್ತಿತ್ತು. ಬೆಂಕಿ ಕಾವಲಿನವರು ಊರು ಸುತ್ತುತ್ತಾ ಬಡಿಯುವ ಮರದ ತುಂಡುಗಳು ಅವನ ಹತ್ತಿರ ಇದ್ದವು. ಒಂದು ಸಲ ಬಡಿದರೆ ಮೋಡ, ಮಲಗು. ಎರಡು ಸಲ ಬಡಿದರೆ ತಿಳಿ, ಬಾ. ತಮೊತ್ಸು ಏದುಸಿರಲ್ಲಿ ಹತ್ತಿ ಹೋದರೆ ಅವನು ದುರ್ಬೀನು ಬಿಟ್ಟು ಏಳುತ್ತಿರಲಿಲ್ಲ. "ಇರೋ, ಇನ್ನೊಂಚೂರು" ಅನ್ನುವನು. ಅಷ್ಟರಲ್ಲಿ ಬೆಳಗಾಗುತ್ತಿತ್ತು.

ಆ ಗೆಂಜಿರೊ ಅದಕ್ಕೆ ಹಿಂದಿನ ಚಳಿಗಾಲದಲ್ಲೇ ಸತ್ತಿದ್ದ.

ಮನೆಯ ಬಾಗಿಲಲ್ಲಿ ತಮೊತ್ಸುವಿನ ಹೆಂಡತಿ ಫುಸಾ ನಿಂತಿದ್ದಳು.

"ನಿನಗೂ ಕೇಳಿಸ್ತಾ?"

"ಕೇಳಿಸ್ತು. ಹೋಗಬೇಡಿ."

"ಎರಡು ಸಲ ಬಡಿದ ಕಣೇ."

"ಬಡಿದೋರು ಯಾರು ಅಂತ ನೋಡ್ರೀ ಮೊದಲು."

"ಯಾರಾದ್ರೇನು? ಮೇಲೆ ತಿಳಿಯಾಗಿದೆ!"

"ರೇಡಿಯೋದವರ ಹವಾಮಾನ ನಂಬಲ್ಲ, ಸತ್ತೋರ ಹವಾಮಾನ ನಂಬ್ತೀರಾ?"

"ರೇಡಿಯೋಗಿಂತ ಗೆನ್ ಅಣ್ಣ ವಾಸಿ."

ಮೇಲೆ ಗೆಂಜಿರೊನದು ಇದೆಯಲ್ಲ ಅಂತ ತನ್ನ ದುರ್ಬೀನು ಅಲ್ಲೇ ಇಳಿಸಿ, ಲಾಟೀನು ಹಿಡಿದು ಹತ್ತಿದ. ಬಿದಿರುಮೆಳೆ ದಾಟಿದ ಮೇಲೆ ಮೋಡ ಮುಗಿಯಿತು. ತಲೆಯ ಮೇಲೆ ನಕ್ಷತ್ರ. ಕೆಳಗೆ ಕಣಿವೆ, ತೊಟ್ಟಿಯಲ್ಲಿ ಕದಡಿದ ಕಾಗದದ ನಾರಿನ ಹಾಗೆ, ಬೆಳ್ಳಗೆ.

ಗುಡಿಸಲ ಬಾಗಿಲು ಕಿರ್ರ್... ಅಂತು. ಒಳಗೆ ಯಾರೂ ಇಲ್ಲ. ಹಿತ್ತಲ ಬಯಲಲ್ಲಿ ಗೆಂಜಿರೊನ ದುರ್ಬೀನು. ಹೊದಿಕೆ ತೆಗೆದಿತ್ತು. ಪೂರ್ವಕ್ಕೆ ತಿರುಗಿತ್ತು... ಸರಿಯಾಗಿ ಆ ಜಾಗಕ್ಕೇ.

ತಮೊತ್ಸು ಬಗ್ಗಿ ಕಣ್ಣಿಟ್ಟ. ಬಿಳಿ. ಕಣ್ಣಿಡುವ ಗಾಜಿನ ತುಂಬ ಹಬೆ.

ತೋಳಿನಿಂದ ಒರೆಸಿದ. ಬಗ್ಗಿದ.

ಹಾ...

ಮತ್ತೆ ಬಿಳಿ. ಉಸಿರು ಬಿಗಿಹಿಡಿದು ಒರೆಸಿದ. ಬಗ್ಗಿದ. ಹಾ... ಕಿವಿಯ ಪಕ್ಕದಲ್ಲೇ ಯಾರದೋ ಉಸಿರು. ಮತ್ತೆ ಬಿಳಿ.

"ಇರೋ... ಇನ್ನೊಂಚೂರು."

ಹೆದರಬೇಕಾಗಿತ್ತು. ಅವನಿಗೆ ಬಂದದ್ದು ಸಿಟ್ಟು.

"ಸತ್ತಮೇಲಾದ್ರೂ ಜಾಗ ಬಿಡಣ್ಣಾ! ನೀನಿನ್ನು ಯಾರಿಗೆ ತಂತಿ ಕೊಡ್ತೀಯಾ? ಒಂದೇ ಒಂದು ಸಲ... ಏಳು!"

ಪಕ್ಕದಲ್ಲಿ ಗೆಂಜಿರೊ ಕೂರುತ್ತಿದ್ದ ಮಣೆ ಸ್ವಲ್ಪ ಸರಿಯಿತು, ಕರ್... ಅಂತ. ಗಾಜಿನ ಹಬೆ ಅಂಚಿನಿಂದ ಒಳಕ್ಕೆ ಕುಗ್ಗಿತು. ಬೆರಳ ತುದಿಯಷ್ಟಾಯಿತು. ಹೋಯಿತು.

ತಮೊತ್ಸು ಕಣ್ಣಿಟ್ಟ. ಕಪ್ಪು. ಒಂದು ನಕ್ಷತ್ರವೂ ಇಲ್ಲ.

ತಲೆ ಎತ್ತಿದ. ಕಣಿವೆಯ ಮೋಡ ಗುಡಿಸಲನ್ನೂ ದಾಟಿ ಮೇಲಕ್ಕೆ ಹೋಗಿತ್ತು.

ಟಕ್.

ಒಂದೇ ಸಲ.

ವಾರದೊಳಗೆ ಪತ್ರಿಕೆಯಲ್ಲಿ ಬಂತು. ಹೊಸ ಧೂಮಕೇತು, ಅದೇ ಜಾಗ. ಹೆಸರು ಹೊಕ್ಕೈಡೊದ ಯಾವನೋ ಶಾಲೆ ಮಾಸ್ತರನದು. ತಮೊತ್ಸು ಪತ್ರಿಕೆಯನ್ನು ಒಲೆಗೆ ತುರುಕಿದ. ಹಗಲಲ್ಲೇ ಗುಡ್ಡ ಹತ್ತಿ, ದುರ್ಬೀನಿಗೆ ಹೊದಿಕೆ ಹಾಕಲು ಹೋದ.

ಅವನು ಅಷ್ಟು ಸಲ ತೋಳಿನಿಂದ ಒರೆಸಿದ ಆ ಗಾಜಿನ ಮೇಲೆ ಒಂದು ರೆಪ್ಪೆಗೂದಲು ಅಂಟಿತ್ತು. ಬಿಳೀದು. ತಮೊತ್ಸುವಿನ ರೆಪ್ಪೆ ಇವತ್ತಿಗೂ ಕಪ್ಪು.

ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಅದನ್ನು ತನ್ನ ಕೈಯಾರೆ ಮಾಡಿದ ಕಾಗದದಲ್ಲಿ ಮಡಿಸಿ ಇಟ್ಟಿದ್ದಾನೆ. ನಾನು ನೋಡಿದ್ದೇನೆ.