ಆಟಿಯ ಕೊನೆಯ ಚೆನ್ನೆಯಾಟ

ನನ್ನ ನೆನಪನ್ನು ಅನುಮಾನಿಸುವವರು ಬಾಯಿ ಮುಚ್ಚಿ ಕೇಳಿ. ಎಪ್ಪತ್ತೆಂಟನೇ ಇಸವಿಯಲ್ಲಿ, ಕಾಪು ಬಸ್‌ಸ್ಟ್ಯಾಂಡಿನಲ್ಲಿ, ದೋಣಿಯ ಹೂವಪ್ಪ ಮೀನು ಮಾರುವ ವಾರಿಜಾಳ ಬುಟ್ಟಿ ಹಿಡಿದು ನಿಂತಿದ್ದ. ಹಿಂದಿನ ಸಂಜೆ, ತುಳುವರ ಆಟಿ ತಿಂಗಳ ಕೊನೆಯ ದಿನ, ಅಳಗುಳಿಯಂಥ ಚೆನ್ನೆಮಣೆಯಾಟದಲ್ಲಿ ಅವಳೆದುರು ಒಂದು ಕಾಯಿಯೂ ಉಳಿಯದಂತೆ ಸೋತಿದ್ದ.

"ವಾರಿಜಕ್ಕ, ಇವತ್ತು ಇನ್ನೊಂದು ಆಟ ಆಡುವ."

"ಎಂತ ಮಾರಾಯ? ಆಟಿ ತಿಂಗಳು ನಿನ್ನೆಗೇ ಮುಗಿಯಿತಲ್ಲ. ಮಣೆ ಅಟ್ಟ ಹತ್ತಿತು."

"ಒಂದೇ ಆಟ!"

"ಆಟಿ ಬಿಟ್ಟು ಚೆನ್ನೆ ಆಡಲಿಕ್ಕೆ ಉಂಟಾ? ನಿನ್ನ ಅಮ್ಮನನ್ನೇ ಕೇಳು."

"ಹಾಗಾದರೆ ಬರುವ ಆಟಿವರೆಗೆ ನಾನು ಸೋತವನೇ?"

"ಮತ್ತೆ? ಗೆದ್ದವನಾ?"

"ನಾಳೆ ದೋಣಿ ಇಳಿಸುವಾಗ ಎಲ್ಲರೂ ನಗಾಡುತ್ತಾರೆ ಅಕ್ಕ. ಯಾರಿಗೂ ಹೇಳಬೇಡಿ."

"ಇಲ್ಲಪ್ಪ. ಕೇಳಿದವರಿಗೆ ಮಾತ್ರ ಹೇಳುತ್ತೇನೆ. ಬುಟ್ಟಿ ಮೇಲಿಡು, ಬಸ್ಸು ಬಂತು."

ಅವಳು ಪಡುಬಿದ್ರಿ ಬಸ್ಸು ಹತ್ತಿದಳು, ಅವನು ಕಡಲಿನತ್ತ ನಡೆದ. ಪಕ್ಕದಲ್ಲೇ ನಿಂತಿದ್ದ ನನಗೆ ಅವನು ಹೇಳಬೇಡಿ ಎನ್ನಲಿಲ್ಲ. ನೀವೂ ನಾಲ್ಕು ಜನರಿಗೆ ಹೇಳಿಬಿಡಿ.