ಇಂದು ಕಡಲು ಒರಟಾಗಿದೆ, ದನಿ ಎತ್ತಿ ಕೊಡಿ

ವೇದಿಕೆಯ ಎತ್ತರದ ಕುರ್ಚಿಯನ್ನು ಅಲಂಕರಿಸಿರುವ ಮಾನ್ಯ ಅಧ್ಯಕ್ಷರೇ, ಅದಕ್ಕಿಂತ ಎರಡು ಬೆರಳು ಗಿಡ್ಡದ ಕುರ್ಚಿಯಲ್ಲಿ ಸಮಾಧಾನಪಟ್ಟುಕೊಂಡಿರುವ ಮುಖ್ಯ ಅತಿಥಿಗಳೇ, ನನಗೆ ನೂರಕ್ಕೆ ತೊಂಬತ್ತೆರಡು ಅಂಕ ದಯಪಾಲಿಸಿದ ಪರೀಕ್ಷಕ ಮಹಾಶಯರೇ, ಫ್ಯಾನಿನ ಕೆಳಗೆ ಜಾಗ ಹಿಡಿದಿರುವ ಭಾಗ್ಯವಂತ ಸಭಿಕರೇ, ಜಾಗ ಸಿಗದೆ ಕರಪತ್ರದಿಂದ ಗಾಳಿ ಬೀಸಿಕೊಳ್ಳುತ್ತಿರುವ ಇನ್ನುಳಿದ ಸಭಿಕರೇ,

ನಮ್ಮ ಈ ಸಂಜೆಯ ಭಾಷಾಶಾಲೆಯ ವಾರ್ಷಿಕೋತ್ಸವದಲ್ಲಿ, ಮೊದಲನೆಯ ಹಂತದ ಪರೀಕ್ಷೆಯಲ್ಲಿ ಮೊದಲು ಬಂದವರು ಮೂರು ನಿಮಿಷ ಕೃತಜ್ಞತೆ ಸಲ್ಲಿಸುವುದು ವಾಡಿಕೆ. ನಾಲ್ಕನೆಯ ನಿಮಿಷಕ್ಕೆ ಅಧ್ಯಕ್ಷರು ಮೇಜಿನ ಮೇಲಿನ ಗಂಟೆ ಬಾರಿಸುತ್ತಾರೆ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ನನಗೆ ಈ ಭಾಷೆ ಕಲಿಸಿದವರು ಯಾರು? ಮೇಷ್ಟರೇ? ಪಠ್ಯಪುಸ್ತಕವೇ? ಗೋಡೆಯ ಮೇಲೆ ಕ್ರಿಯಾಪದಗಳನ್ನು ಹೊತ್ತು ಮೂರು ಮಳೆಗಾಲ ನೆನೆದ ಆ ಪಟವೇ? ಅಲ್ಲ. ಮೂರನೇ ಸಾಲಿನಲ್ಲಿ, ಕಂಬದ ಮರೆಯಲ್ಲಿ, ನನ್ನನ್ನು ನೋಡಿಯೂ ನೋಡದಂತೆ ಕೂತಿದ್ದಾರಲ್ಲ, ಅವರು. ನನ್ನ ಅಜ್ಜಿ.

ಅಜ್ಜಿ ಇಪ್ಪತ್ತಾರು ವರ್ಷ ದೂರವಾಣಿ ಕೇಂದ್ರದಲ್ಲಿ ಆಪರೇಟರ್ ಆಗಿದ್ದವರು. ಕಡಲಾಚೆಯ ಕರೆಗಳ ಮೇಜಿನಲ್ಲಿ ಅವರ ಕೆಲಸ. ಕಿವಿಗೆ ಹೆಡ್‌ಫೋನ್, ಎದುರಿಗೆ ತೂತುಗಳ ಹಲಗೆ, ಕೈಯಲ್ಲಿ ವೈರು. ಅಲ್ಲಿ ಯಾರಿಗೂ ಹೆಸರಿಲ್ಲ, ಕುರ್ಚಿಯ ಸಂಖ್ಯೆಯೇ ಹೆಸರು. ಅಜ್ಜಿ ಇಪ್ಪತ್ತೇಳು. ಆಚೆ ದಡದಲ್ಲಿ ವೈರು ಹಿಡಿದು ಕೂತಾಕೆ ಹದಿನಾಲ್ಕು. ಕರೆಗಳಿಲ್ಲದ ಹೊತ್ತಿನಲ್ಲಿ ಹದಿನಾಲ್ಕು ಇಪ್ಪತ್ತೇಳಕ್ಕೆ ಭಾಷೆ ಕಲಿಸಿದಳು. ಮೊದಲು ಅಂಕಿಗಳು, ಆಮೇಲೆ ಕೆಮ್ಮಿಗೆ ಏನನ್ನುತ್ತಾರೆ, ಅತ್ತೆಗೆ ಏನನ್ನುತ್ತಾರೆ, ಅತ್ತೆಯ ಕೆಮ್ಮನ್ನು ಕೇಳಲಾಗದಿದ್ದರೆ ಏನನ್ನುತ್ತಾರೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಂದು ಮಧ್ಯಾಹ್ನ ಹದಿನಾಲ್ಕು "ಲೈನ್ ಹಿಡಿದಿರು, ಬಂದೆ" ಎಂದಳು. ಅಷ್ಟರಲ್ಲಿ ಕೇಂದ್ರ ಯಂತ್ರದ ಪಾಲಾಯಿತು, ಕರೆ ಜೋಡಿಸಲು ಆಪರೇಟರುಗಳು ಬೇಡವಾದರು. ಹಲಗೆಯ ದೀಪಗಳು ಸಾಲಾಗಿ ಆರಿದವು.

ಇಷ್ಟೆಲ್ಲ ನನಗೆ ಗೊತ್ತಾದದ್ದು ಮೊನ್ನೆ ಮೊನ್ನೆ. ಚಿಕ್ಕವಳಿದ್ದಾಗ ಗೊತ್ತಿದ್ದದ್ದು, ಅಜ್ಜಿ ಪಾತ್ರೆ ತೊಳೆಯುತ್ತಾ ಯಾವುದೋ ಭಾಷೆಯಲ್ಲಿ ಒಬ್ಬರೇ ಮಾತಾಡುತ್ತಾರೆ ಎಂಬುದಷ್ಟೇ. ಮನೆಗೆ ನೆಂಟರು ಬಂದಾಗ ನಾನು ಕಿವಿಗೆ ಸೌಟು ಹಿಡಿದು, ಮೂಗಿನಲ್ಲಿ ದನಿ ತೆಗೆದು ಆ ಮಾತನ್ನು ಅಣಕಿಸಿ ತೋರಿಸುತ್ತಿದ್ದೆ. ಸಭಿಕರೇ, ಬಹಳ ಚೆನ್ನಾಗಿ ಮಾಡುತ್ತಿದ್ದೆ. ಚಿಕ್ಕಪ್ಪ ಕುರ್ಚಿಯಿಂದ ಜಾರಿ ಬೀಳುವಷ್ಟು ನಗುತ್ತಿದ್ದರು. ಒಂದು ದಿನ ಅಜ್ಜಿಯೂ ನಕ್ಕರು. "ಭೇಷ್ ಕಣೇ ಕೋತಿ" ಅಂದರು. ಆಮೇಲೆ ಆರು ವರ್ಷ ಆ ಭಾಷೆಯ ಒಂದು ಮಾತೂ ಅವರ ಬಾಯಿಂದ ಬರಲಿಲ್ಲ. ಪಾತ್ರೆಗಳನ್ನು ಮಾತ್ರ ತೊಳೆದರು.

ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಇರಲಿ.

ಕಳೆದ ವರ್ಷ ಇಬ್ಬರೂ ಒಟ್ಟಿಗೆ ಈ ಶಾಲೆಗೆ ಸೇರಿದೆವು. ಎರಡನೆಯ ಹಂತ ತಲುಪಿದವರಿಗೆ ವಾರಕ್ಕೊಮ್ಮೆ ಆ ದೇಶದವರೊಡನೆ ಫೋನಿನಲ್ಲಿ ಮಾತಾಡುವ ಅವಕಾಶವಿದೆ ಎಂದು ನಿಮ್ಮದೇ ಕರಪತ್ರ ಹೇಳಿತ್ತು. ಅಜ್ಜಿಗೆ ಬೇಕಿದ್ದದ್ದು ಅದೊಂದೇ. "ಹದಿನಾಲ್ಕು ಸಿಗ್ತಾಳೆ ಅಂತಲ್ಲ ಕಣೇ. ಆ ದನಿಯವರು ಯಾರಾದ್ರೂ ಸಿಕ್ಕಿದ್ರೆ ಸಾಕು" ಅಂದರು. ಅಂದಿನಿಂದ ಪಾತ್ರೆ ತೊಳೆಯುತ್ತಾ ನನಗೂ ಆ ಭಾಷೆ ಕಲಿಸತೊಡಗಿದರು.

ಮೌಖಿಕ ಪರೀಕ್ಷೆ ನಿಮಗೆ ನೆನಪಿರಬೇಕು. ಎಲ್ಲರಿಗೂ ಒಂದೇ ವಿಷಯ: ದೂರದ ಗೆಳೆಯರಿಗೆ ಫೋನ್ ಮಾಡಿ. ಗೆಳೆಯನ ಪಾತ್ರದಲ್ಲಿ ಪರೀಕ್ಷಕರು. ಬೆಳಿಗ್ಗೆ ಅಜ್ಜಿ ಒಳಗೆ ಹೋದರು, ನಾನು ತೆರೆದ ಬಾಗಿಲ ಹೊರಗೆ ನಿಂತು ಕೇಳಿದೆ. ಅವರ ಮಾತನ್ನು ನಮ್ಮ ಭಾಷೆಗೆ ತಂದರೆ ಹೀಗಾಗುತ್ತದೆ: "ಇಪ್ಪತ್ತೇಳು ಕೇಳುತ್ತಿದ್ದೇನೆ. ಇಂದು ಕಡಲು ಒರಟಾಗಿದೆ, ದನಿ ಎತ್ತಿ ಕೊಡಿ. ತಮ್ಮ ಮನೆಯ ಸೌಖ್ಯವನ್ನು ನನ್ನ ಕಿವಿಗೆ ತಲುಪಿಸಿ." ಲೈನಿನಲ್ಲಿ ಸದ್ದು ಜಾಸ್ತಿಯಾದರೆ ಎರಡೂ ದಡದ ಆಪರೇಟರುಗಳು ಹಾಗೆಯೇ ಹೇಳುತ್ತಿದ್ದರಂತೆ. ಸರಿಯಾಗಿ ಮೂರು ನಿಮಿಷಕ್ಕೆ, ಆ ಕಾಲದ ಕರೆಗಳ ಲೆಕ್ಕದಂತೆ, ಗಡಿಯಾರ ನೋಡದೆ, "ಮೂರು ನಿಮಿಷ ಮುಗಿಯಿತು, ಮುಂದುವರಿಸಲೇ?" ಎಂದು ಕೇಳಿದರು. "ಬೇಡ" ಎಂದು ಉತ್ತರ ಬಂತು. ಅಂಕಪಟ್ಟಿಯಲ್ಲಿ ಷರಾ: "ಅಭ್ಯರ್ಥಿಯ ಮಾತು ಬಳಕೆ ತಪ್ಪಿದ್ದು. ಅನುತ್ತೀರ್ಣ."

ಅಜ್ಜಿ ಹೊರಗೆ ಬಂದು ಬೆಂಚಿನ ಮೇಲೆ ಕೂತು ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡರು. ಸರಿಯಾಗಿಯೇ ಇದ್ದ ಪಟ್ಟಿ. "ಆಯ್ತು ಬಿಡೇ. ನನ್ ಭಾಷೆಗೂ ವಯಸ್ಸಾಯ್ತು" ಅಂದರು.

ಮಧ್ಯಾಹ್ನ ನನ್ನ ಸರದಿ. ಸಭಿಕರೇ, ಎದೆಯ ಮೇಲೆ ಕೈಯಿಟ್ಟು ತಪ್ಪೊಪ್ಪಿಕೊಳ್ಳುತ್ತೇನೆ. ನಾನು ಒಂದಕ್ಷರವನ್ನೂ ಹೊಸದಾಗಿ ಹೇಳಲಿಲ್ಲ. ಕಡಲು ಒರಟಾಗಿದೆ ಅಂದೆ. ದನಿ ಎತ್ತಿ ಕೊಡಿ ಅಂದೆ. ಕಿವಿಗೆ ಸೌಖ್ಯ ತಲುಪಿಸಿ ಅಂದೆ. ನನ್ನನ್ನೇ ಇಪ್ಪತ್ತೇಳು ಎಂದು ಕರೆದುಕೊಂಡೆ. ಅಣಕ ನನಗೆ ಕರಗತವೆಂದು ಆಗಲೇ ಹೇಳಿದೆನಲ್ಲ? ಮೂರು ನಿಮಿಷಕ್ಕೆ ನಿಲ್ಲಿಸಿ "ಮುಂದುವರಿಸಲೇ?" ಎಂದೆ. ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡು "ಖಂಡಿತ, ಖಂಡಿತ" ಎಂದರು. ಷರಾ: "ಭಾಷೆಯ ಸೊಗಡು ಬಲ್ಲ ಅಪರೂಪದ ಯುವ ಪ್ರತಿಭೆ." ಎರಡೂ ಅಂಕಪಟ್ಟಿಗಳು ಇಲ್ಲಿವೆ. ಶಾಯಿ ಒಂದೇ, ಕೈಬರಹ ಒಂದೇ, ತಾರೀಖೂ ಒಂದೇ.

ಗಂಟೆ ಬಾರಿಸಿದಿರಿ, ಕೇಳಿಸಿತು ಅಧ್ಯಕ್ಷರೇ. ಆದರೆ ಅಜ್ಜಿ ಕಲಿಸಿದ ನಿಯಮವೊಂದಿದೆ: "ಟೈಮ್ ಆಯ್ತು ಅಂತ ತಟ್ಟನೆ ಲೈನ್ ಕಡೀಬಾರ್ದು ಕಣೇ. ಮೊದ್ಲು ಕೇಳ್ಬೇಕು." ತಾವು ಕೇಳಲಿಲ್ಲ. ಆದ್ದರಿಂದ ನಾನೇ ಕೇಳಿ, ನಾನೇ ಒಪ್ಪಿ, ಮುಂದುವರಿಸುತ್ತೇನೆ.

ಭಾಷೆ ಬದಲಾಗುತ್ತದೆ ಎಂದು ಮುಖ್ಯ ಅತಿಥಿಗಳು ನಲವತ್ತು ನಿಮಿಷ ವಿವರಿಸಿದರು. ಬದಲಾಗಲಿ, ಯಾರು ಬೇಡವೆಂದರು? ಆದರೆ ಭಾಷಣದ ನಡುವೆ ಅವರಿಗೆ ಕರೆ ಬಂದಾಗ "ಮೀಟಿಂಗ್‌ನಲ್ಲಿದೀನಿ, ಫೋನ್ ಇಡ್ತೀನಿ" ಎಂದರು. ಎಲ್ಲಿಟ್ಟರು? ಜೇಬಿನಲ್ಲಿ! ಇಡುವ ಫೋನ್ ಹೋಗಿ ಎಷ್ಟು ಕಾಲವಾಯಿತು! ಮಾತು ಮಾತ್ರ ಉಳಿದಿದೆ, ನಮಗೆಲ್ಲ ಅರ್ಥವೂ ಆಯಿತು. ಹಾಗಾದರೆ ಅವರೂ ಅನುತ್ತೀರ್ಣರೇ? ನಾಳೆ ನನ್ನ ಮೊಮ್ಮಗಳು ನನ್ನ ಮಾತಿಗೆ ನಗುತ್ತಾಳೆ. ನಗಲಿ. ಆದರೆ ಹಳೆಯ ಮಾತು ಎಳೆಯ ಬಾಯಲ್ಲಿ ಸೊಗಡು, ಮುದಿ ಬಾಯಲ್ಲಿ ದೋಷ ಎಂಬ ಈ ವ್ಯಾಕರಣ ಯಾವ ಪುಸ್ತಕದ್ದು? ಎಷ್ಟನೆಯ ಪುಟದ್ದು?

ಆದ್ದರಿಂದ ಈ ಬೆಳ್ಳಿಬಣ್ಣದ ಪಾರಿತೋಷಕವನ್ನು ಮೇಜಿನ ಮೇಲೆ ಇಡುತ್ತಿದ್ದೇನೆ. ಇದು ನಿಜವಾದ ಇಡುವಿಕೆ, ಜೇಬಿಗೆ ಅಲ್ಲ. ಪಕ್ಕದಲ್ಲಿ ಎರಡು ಕಾಗದಗಳಿವೆ. ಒಂದು, ನನ್ನನ್ನು ನಪಾಸು ಮಾಡಬೇಕೆಂಬ ನನ್ನದೇ ಮನವಿ. ಇನ್ನೊಂದು, ಎರಡನೆಯ ಹಂತಕ್ಕೆ ಅಜ್ಜಿಯ ಪ್ರವೇಶಪತ್ರ. ಅಧ್ಯಕ್ಷರು ಯಾವುದಾದರೂ ಒಂದಕ್ಕೆ ಸಹಿ ಹಾಕಬೇಕು. ಇಬ್ಬರೂ ಪಾಸು, ಇಲ್ಲವೇ ಇಬ್ಬರೂ ನಪಾಸು. ಪೆನ್ನನ್ನೂ ತಂದಿದ್ದೇನೆ, ಮುಚ್ಚಳ ತೆಗೆದೇ ಇಟ್ಟಿದ್ದೇನೆ.

ಅಜ್ಜೀ, ಕಂಬದ ಹಿಂದೆ ಸರಿಯಬೇಡಿ. ಸೌಟು ಹಿಡಿದು ನಿಮ್ಮ ಲೈನ್ ಕಡಿದವಳು ನಾನು. ಈ ಸಲ ಕಡಿಯುವುದಿಲ್ಲ.

ತಾಳ್ಮೆಯಿಂದ ಕೇಳಿದ ಸಭೆಗೆ, ತಾಳ್ಮೆ ಮೀರಿದ ಗಂಟೆಗೆ, ಇಬ್ಬರಿಗೂ ಒಂದೇ ಪೆನ್ನಿನಲ್ಲಿ ಅಂಕ ಕೊಟ್ಟ ಪರೀಕ್ಷಕರಿಗೆ ನನ್ನ ವಂದನೆಗಳು. ಮಾನ್ಯ ಅಧ್ಯಕ್ಷರೇ, ಇಂದು ಕಡಲು ಒರಟಾಗಿದೆ, ದಯವಿಟ್ಟು ದನಿ ಎತ್ತಿ ಕೊಡಿ. ಸಹಿ ಬೀಳುವವರೆಗೂ ನಾನು ಈ ಮೈಕಿನ ಮುಂದೆಯೇ ಇರುತ್ತೇನೆ. ಲೈನ್ ಹಿಡಿದಿದ್ದೇನೆ.

ನಮಸ್ಕಾರ.