ಮೂರನೆಯ ಫೋಟೋ

ಇದು ನಮ್ಮ ಓಣಿಯ ಭುವನೇಶ್ವರಿಗೆ ಆದದ್ದು. ತಾಯಿಯನ್ನು ಮಣ್ಣು ಮಾಡಿ ಮೂರು ದಿನವಾಗಿತ್ತು. ಸಾವಿನ ಕಾಗದಕ್ಕೆಂದು ಕಲಬುರಗಿಗೆ ಹೋದವಳನ್ನು ಆಸ್ಪತ್ರೆಯವರು ದಿನವಿಡೀ ನಿಲ್ಲಿಸಿ ಬರಿಗೈಯಲ್ಲಿ ಕಳಿಸಿದರು. ಕೊನೆಯ ಬಸ್ಸಿಗೆ ಕಮಲಾಪುರದಲ್ಲಿ ಇಳಿದಳು. ಹತ್ತೂವರೆ ಮೀರಿತ್ತು. ಹಾಳುಬಾವಿ ದಾಟುವಾಗ ಕೇಳಿಸಿತು...

ಟಕ್. ಟಕ್. ಟಕ್... ಆಮೇಲೆ ಗರ್ರ್‌ರ್... ತಗಡಿನ ಡಬ್ಬಿಯೊಳಗೆ ಬೋರು ಕೊರೆದಂತೆ.

ಆ ಸಪ್ಪಳ ಅವಳಿಗೆ ಗೊತ್ತು. ಎಂ.ಆರ್.ಐ. ಮಷೀನಿನದು.

ತಾಯಿ ವಿಮಲಾಬಾಯಿಗೆ ಮರೆವು. ಹೆತ್ತ ಮಗಳನ್ನೇ "ನೀವು ಯಾರ ಪೈಕಿ, ಬಾಯಾರ?" ಎನ್ನುತ್ತಿದ್ದಳು. ರಾತ್ರಿ ನಿದ್ದೆಯಿಲ್ಲ. ನಿದ್ದೆಯಲ್ಲಿ ಮಿದುಳು ತನ್ನ ಹೊಲಸು ತಾನೇ ತೊಳೆದುಕೊಳ್ಳುತ್ತದೆ, ಈಕೆಯದು ಕಟ್ಟಿದೆಯೋ ನೋಡೋಣ ಎಂದರು ಸಂಶೋಧನೆಯ ಡಾಕ್ಟರರು. ಬೆನ್ನಿಗೆ ಸೂಜಿ ಚುಚ್ಚಿ ಔಷಧಿ ಬಿಟ್ಟು, ಆ ಮಷೀನಿನಲ್ಲಿ ತಲೆಯ ಮೂರು ಫೋಟೋ. ಚುಚ್ಚುವ ಮೊದಲು ಒಂದು, ಸಂಜೆ ಒಂದು, ಮರುದಿನ ಬೆಳಗ್ಗೆ ಒಂದು. ಸಂಜೆ ಬೆಳ್ಳಗೆ ಕಂಡ ಔಷಧಿ ಬೆಳಗ್ಗೆ ಹೋಗಿದ್ದರೆ ತೊಳೆದಿದೆ ಎಂದರ್ಥ. ಒಮ್ಮೆಯಾದರೂ ತನ್ನ ಹೆಸರು ಹಿಡಿದು ಕರೆದಾಳೆಂಬ ಆಸೆಗೆ ಮಗಳು ಸಹಿ ಹಾಕಿದಳು.

ಮೊದಲ ಫೋಟೋದಲ್ಲಿ ತಾಯಿ ತಲೆ ಅಲ್ಲಾಡಿಸಿ ಬೈಸಿಕೊಂಡಳು. ಸಂಜೆ ಮಗಳು ಕಿವಿಯಲ್ಲಿ ಹೇಳಿದಳು: "ನಾ ಕರಿಯೋ ತನಕ ಅಲ್ಲಾಡಬ್ಯಾಡವ್ವ."

ಅಲ್ಲಾಡಲಿಲ್ಲ. ಹಾಗೇ ವಾರ್ಡಿಗೆ ಒಯ್ದರು. ಮಗಳನ್ನು ಒಳಗೆ ಬಿಡಲಿಲ್ಲ. ನಸುಕಿನಲ್ಲಿ ಜೀವ ಹೋಯಿತು. ಹೆಣದ ಮುಂದೆ ನಿಂತು ಒಬ್ಬ ಡಾಕ್ಟರ್ ಆಡಿದ ಮಾತು, "ಮೂರನೇ ಫೋಟೋ ಹೋಯ್ತಲ್ಲ." ಬಡವರ ಸಾವೆಂದರೆ ಇವರಿಗೆ ಅಷ್ಟೇ.

ಬಾವಿಯೊಳಗಿಂದ ಪಿಸುಮಾತು ಬಂತು.

"ಈಗ ಅಲ್ಲಾಡ್ಲೇನ್ರಿ, ಬಾಯಾರ?"

ಭುವನೇಶ್ವರಿ ಬಾವಿಯ ಕಟ್ಟೆ ಹಿಡಿದು ಒಳಗೆ ಬಗ್ಗಿದಳು. ತಾನು ಕರೆದೇ ಇರಲಿಲ್ಲ... ಎಲ್ಲ ಮರೆತ ಜೀವ ಅದೊಂದನ್ನು ಹಿಡಿದುಕೊಂಡು ಮಲಗಿತ್ತು.

"ಏಳವ್ವ... ಮುಗೀತು. ಮನಿಗಿ ನಡಿ."

ಟಕ್... ಟಕ್... ನಿಂತಿತು.

"ಹೂಂ, ಭುವನಿ."

ಅಷ್ಟೇ. ಬಾವಿಯಲ್ಲಿ ನೀರೂ ಇರಲಿಲ್ಲ.

ಮರುದಿನ ಮತ್ತೆ ಆಸ್ಪತ್ರೆಗೆ ಹೋದಳು. ಮಷೀನು ನಡೆಸುವ ಜುಬೇದಾ ಸೆರಗಿನಲ್ಲಿ ಮುಚ್ಚಿ ಲಕೋಟೆ ಕೊಟ್ಟಳು.

"ರಾತ್ರಿ ಮಷೀನ್ ಬಂದ್ ಇತ್ತಕ್ಕಾ. ಕೀಲಿ ನನ್ನ ಹತ್ರಾನೇ ಇತ್ತು."

ಒಳಗೆ ಮೂರು ಫಿಲ್ಮು. ಮೂರನೆಯದನ್ನು ಡಾಕ್ಟರರು ಮಷೀನಿನ ತಪ್ಪು ಎಂದು ಬರೆದು ಕೈಬಿಟ್ಟಿದ್ದಾರೆ. ಬರೆಯಲಿ. ನಾನು ಅದನ್ನು ಬಿಸಿಲಿಗೆ ಹಿಡಿದು ಈ ಕಣ್ಣಿಂದ ನೋಡಿದ್ದೇನೆ. ವಿಮಲಾಬಾಯಿಯ ಹೆಸರಿದೆ. ಭುವನೇಶ್ವರಿ ಬಾವಿ ದಾಟಿದ ರಾತ್ರಿಯ ತಾರೀಖು, ವೇಳೆ ಹತ್ತು ಮೂವತ್ತೆಂಟು. ಔಷಧಿಯ ಬಿಳುಪು ಒಂದು ಚುಕ್ಕೆಯೂ ಇಲ್ಲ. ತಲೆ ಮಾತ್ರ ಒಂದಿಷ್ಟು ಎಡಕ್ಕೆ ಹೊರಳಿದೆ, ಯಾರೋ ಕರೆದಾಗ ಹೊರಳುವಂತೆ.